ಪೊಟ್ಟಣದೊಳಗಿನ ಗಾಳಿ

ನನ್ನ ವೀಡಿಯೊಗಳಲ್ಲಿ ಎರಡು ಕೈ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮುಖ ತೋರಿಸುವ ಧೈರ್ಯ ಇರಲಿಲ್ಲ, ತೋರಿಸಲೇಬೇಕು ಎನ್ನುವಂಥ ಮುಖವೂ ಅಲ್ಲ. ಸ್ಟೂಲಿನ ಮೇಲೆ ಎರಡು ಸ್ಟೀಲ್ ಡಬ್ಬ, ಅವುಗಳ ಮೇಲೆ ಕ್ಯಾಮೆರಾ ಇದ್ದ ಮೊಬೈಲು, ಅದು ಜಾರದ ಹಾಗೆ ಹಿಂದೆ ಒಂದು ಬೆಲ್ಲದ ಅಚ್ಚು. ಎದುರಿಗೆ ಗ್ಯಾಸ್ ಒಲೆ, ಸುಣ್ಣ ಉದುರಿದ ಗೋಡೆಯನ್ನು ಮುಚ್ಚಲು ನೇತುಹಾಕಿದ ಹಳೇ ಕ್ಯಾಲೆಂಡರು. ಈರುಳ್ಳಿ ಹೆಚ್ಚುವ ಕೈ, ಮಸಾಲೆ ಹುರಿಯುವ ಕೈ, ಒಮ್ಮೊಮ್ಮೆ ಬೆರಳು ಸುಟ್ಟುಕೊಂಡು ಫ್ರೇಮಿನಿಂದ ಮಾಯವಾಗುವ ಕೈ. ಮಾತು ಕಡಿಮೆ. ಒಬ್ಬನೇ ಇದ್ದು ಇದ್ದು ನನ್ನ ಗಂಟಲು ಮಾತಿಗೆ ಮುಂಚೆ ಎರಡು ಸಲ ಕೆಮ್ಮುತ್ತಿತ್ತು, ಆ ಕೆಮ್ಮೂ ವೀಡಿಯೊದಲ್ಲಿ ಇರುತ್ತಿತ್ತು.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಹೊಸೂರಿನ ಮೂಕಂಡಪಲ್ಲಿಯಲ್ಲಿ ಸಾಲು ಮನೆಗಳ ಕೊನೆಯ ರೂಮಿನಲ್ಲಿದ್ದೆ. ಊರು ಮಾಲೂರಿನ ಕಡೆ. ಐಟಿಐ ಮುಗಿಸಿ ಬಂದವನು ಇಲ್ಲೇ ಒಂದು ಕಾರ್ಖಾನೆಗೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ತಿಂಡಿ, ಮಾಂಸ, ಮಸಾಲೆ ತುಂಬುವ ದಪ್ಪ ಪ್ಲಾಸ್ಟಿಕ್ ಪೌಚುಗಳನ್ನು ಮಾಡುವ ಕಾರ್ಖಾನೆ. ನನ್ನದು ಕ್ವಾಲಿಟಿ ವಿಭಾಗ. ದಿನವಿಡೀ ಪೌಚುಗಳನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೋ ಇಲ್ಲವೋ ನೋಡುವುದು. ಗುಳ್ಳೆ ಬಂದರೆ ರಿಜೆಕ್ಟ್. ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವನ ಸ್ವಭಾವ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮದುವೆಯಾದ ಎರಡನೇ ವರ್ಷವೇ ಹೆಂಡತಿ ತವರಿಗೆ ಹೋದಳು, ಮತ್ತೆ ಬರಲಿಲ್ಲ. ನನ್ನದೂ ತಪ್ಪಿತ್ತು. ಅವಳು ಮಾಡಿದ ಸಾರಿನಲ್ಲೂ ನಾನು ಗುಳ್ಳೆ ಹುಡುಕುತ್ತಿದ್ದೆ.

ವೀಡಿಯೊ ಹುಚ್ಚು ಹತ್ತಿದ್ದು ಬ್ರೌಸಿಂಗ್ ಸೆಂಟರಿನಲ್ಲಿ. ನಮ್ಮ ಬೀದಿಯ ತುದಿಯಲ್ಲಿ ತೆಲುಗಿನ ಹೆಂಗಸೊಬ್ಬರು ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು, ತಾವು ಬಾಗಿಲ ಬಳಿ ಹೊಲಿಗೆ ಮೆಷಿನ್ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದರು. ಒಂದು ಭಾನುವಾರ, ರಜೆಯ ದಿನ, ಯಾವುದೋ ಅರ್ಜಿ ತುಂಬಲು ಹೋಗಿದ್ದೆ. ಪಕ್ಕದ ಪರದೆಯಲ್ಲಿ ಬಿಳಿಯನೊಬ್ಬ ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸುತ್ತಿದ್ದ. ಅರ್ಜಿ ಮರೆತು ನಾನೂ ಅದನ್ನೇ ಹುಡುಕಿ ಹಾಕಿಕೊಂಡೆ. ಅವನು ಮಾತಾಡಿದ ಇಂಗ್ಲಿಷು ಅರ್ಧ ತಿಳಿಯಿತು, ಅರ್ಧ ಇಲ್ಲ. ಆದರೆ ಅವನು ಅಡುಗೆ ಮಾಡುತ್ತಾ ನನ್ನ ಕಡೆ ನೋಡಿ ಮಾತಾಡುತ್ತಿದ್ದ. ಊಟದ ಹೊತ್ತಿನಲ್ಲಿ ಒಬ್ಬರು ನನ್ನ ಮುಖ ನೋಡಿ ಮಾತಾಡಿ ವರ್ಷಗಳಾಗಿದ್ದವು. ಅಲ್ಲೇ ಕೂತು ಒಂದಾದ ಮೇಲೊಂದು ಐದು ವೀಡಿಯೊ ನೋಡಿದೆ. ಹೊರಗೆ ಬಂದಾಗ ಆ ಹೆಂಗಸು, "ಅಪ್ಲಿಕೇಶನ್ ಆಯ್ತಾ ಸಾರ್?" ಎಂದು ಕೇಳಿದರು. ಆಯಿತು ಎಂದೆ.

ಆಮೇಲೆ ಪ್ರತಿ ವಾರದ ರಜೆಗೂ ಅದೇ ಕೆಲಸ. ನೋಡಿದ್ದನ್ನು ರೂಮಿಗೆ ಬಂದು ಮಾಡುವುದು, ಕೆಡಿಸುವುದು, ತಿನ್ನುವುದು. ಸ್ವಲ್ಪ ಕೈ ಕುದುರಿದ ಮೇಲೆ ನನ್ನದೇ ವೀಡಿಯೊ ಮಾಡುವ ಆಸೆ ಬಂತು. ಮೂರು ನಿಮಿಷದ ವೀಡಿಯೊ ಹಾಕಲು ಆ ಸೆಂಟರಿನಲ್ಲಿ ಒಂದು ಗಂಟೆ ಹಿಡಿಯುತ್ತಿತ್ತು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಕಾಯುವಾಗ ಆ ಹೆಂಗಸು ನೂಲು ಪೋಣಿಸುತ್ತಾ, "ಈ ವಾರ ಏನ್ ಸಾರ್ ಅಡಿಗೆ?" ಎನ್ನುತ್ತಿದ್ದರು. ಇಡೀ ವಾರದಲ್ಲಿ ನನ್ನನ್ನು ಅಡುಗೆಯ ಬಗ್ಗೆ ಕೇಳುತ್ತಿದ್ದವರು ಅವರೊಬ್ಬರೇ. ಮೊದಲ ವೀಡಿಯೊವನ್ನು ಹದಿನೇಳು ಸಲ ನೋಡಿದ್ದಾರೆ ಎಂದು ಪರದೆ ಹೇಳಿದಾಗ ಹಿಗ್ಗಿಹೋದೆ. ಆಮೇಲೆ ಲೆಕ್ಕ ಹಾಕಿದರೆ ಅದರಲ್ಲಿ ಹನ್ನೊಂದು ಸಲ ನೋಡಿದವನು ನಾನೇ.

ಒಂದು ದಿನ ಅದೇ ಬಿಳಿಯ ಒಂದು ತುಂಡು ಮಾಂಸವನ್ನು ದಪ್ಪ ಪೌಚಿಗೆ ಹಾಕಿ, ಒಂದು ಮೆಷಿನ್ನಿನಲ್ಲಿ ಗಾಳಿ ತೆಗೆದು ಸೀಲ್ ಮಾಡಿ, ಬೆಚ್ಚನೆ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟ. ಕುರ್ಚಿಯಿಂದ ಎದ್ದೇಬಿಟ್ಟೆ. ಅರೆ, ಇದು ನಮ್ಮ ಕಾರ್ಖಾನೆಯ ಟ್ರಯಲ್ ರೂಮಿನ ಮೆಷಿನ್ನೇ ಅಲ್ಲವೇ! ಹದಿನಾಲ್ಕು ವರ್ಷ ಅದರ ಪಕ್ಕದಲ್ಲಿ ನಿಂತು ಟೀ ಕುಡಿದಿದ್ದೆ. ಅದಕ್ಕೂ ಮನೆಯ ಅಡುಗೆಗೂ ನಂಟು ಇರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಪರೀಕ್ಷೆಗೆಂದು ನಾವು ಅದರಲ್ಲಿ ಪೌಚಿಗೆ ತುಂಬುತ್ತಿದ್ದುದು ಮರಳು, ಇಲ್ಲವೇ ಬಣ್ಣದ ನೀರು.

ವ್ಯಾಕ್ಯೂಮ್ ಮೆಷಿನ್ ಪೌಚನ್ನು ಹೀರಿ ಚಪ್ಪಟೆ ಮಾಡುತ್ತದೆ ಎಂದೇ ಎಲ್ಲರೂ ತಿಳಿದಿರುತ್ತಾರೆ. ಹಾಗಲ್ಲ. ಮುಚ್ಚಳ ಹಾಕಿದ ಮೇಲೆ ಪಂಪು ಪೆಟ್ಟಿಗೆಯ ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕುತ್ತದೆ. ಪೌಚಿನ ಒಳಗೂ ಗಾಳಿ ಇಲ್ಲ, ಸುತ್ತಲೂ ಇಲ್ಲ, ಹಾಗಾಗಿ ಅದು ತನ್ನ ಪಾಡಿಗೆ ಇರುತ್ತದೆ. ಬಿಸಿ ಪಟ್ಟಿ ಬಂದು ಬಾಯಿ ಅಂಟಿಸಿ, ಪೆಟ್ಟಿಗೆಗೆ ಮತ್ತೆ ಗಾಳಿ ಬಿಟ್ಟಾಗ ಮಾತ್ರ ಅದು ಟಪ್ಪೆಂದು ಕುಗ್ಗಿ ಒಳಗಿನ ಪದಾರ್ಥವನ್ನು ಕಚ್ಚಿಕೊಳ್ಳುತ್ತದೆ. ಕುಗ್ಗಿಸುವುದು ಹೊರಗಿನ ಗಾಳಿ. ನಮ್ಮೆಲ್ಲರ ಮೇಲೂ ಸದಾ ಇರುವ ಅದೇ ಗಾಳಿ. ನಮ್ಮೊಳಗೂ ಗಾಳಿ ಇರುವುದರಿಂದ ಅದರ ಭಾರ ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಹೊಸಬರಿಗೆ ಇದನ್ನು ಹೇಳಿಕೊಡುವಾಗಲೆಲ್ಲ ನನಗೆ ಭಾನುವಾರದ ನನ್ನ ರೂಮು ನೆನಪಾಗುತ್ತಿತ್ತು. ಅದನ್ನು ಅವರಿಗೆ ಹೇಳುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿ ಅಕ್ಕನ ವಿಷಯ ಹೇಳದಿದ್ದರೆ ಕತೆಯೇ ಇಲ್ಲ. ಅಪ್ಪ ಅಮ್ಮ ಬೇಗ ತೀರಿಕೊಂಡರು, ನನ್ನನ್ನು ಸಾಕಿದ್ದು ಅಕ್ಕ. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು ನಾನು. ರಾಯಕೋಟೆಗೆ ಮದುವೆಯಾಗಿ ಹೋಗುವಾಗ ನನ್ನನ್ನೂ ಕರೆದುಕೊಂಡೇ ಹೋದಳು. ಹೊಸೂರಿನಲ್ಲಿ ಕೆಲಸ ಸಿಕ್ಕಿದ ಮೇಲೂ ವಾರಕ್ಕೊಮ್ಮೆ ಅವಳ ಮನೆಯಲ್ಲೇ ನನ್ನ ಊಟ. ಭಾವ ಟೊಮ್ಯಾಟೊ ಬೆಳೆಯುವವರು, ಕೆಟ್ಟವರಲ್ಲ, ಆದರೆ ಬಾಯಿಗೆ ಬೀಗ ಇಲ್ಲ. ಅವರ ಮನೆಗೆ ತಾರಸಿ ಹಾಕಿಸಿದ ದಿನ ಗಾರೆ ಕೆಲಸದವರಿಗೂ ನೆಂಟರಿಗೂ ಊಟ ಹಾಕಿದರು. ಅವರೆಕಾಯಿಯ ಕಾಲ. ಅಕ್ಕ ಹಿತಕಿದ ಬೇಳೆ ಸಾರು ಮಾಡಿದ್ದಳು. ಸಾಲಾಗಿ ಎಲೆ ಹಾಕಿ ಕೂತಿದ್ದೆವು. ಸಾರಿಗೆ ಸ್ವಲ್ಪ ಉಪ್ಪು ಕಡಿಮೆ ಎಂದೆ ನಾನು. ಹೇಳದೆ ಇರಲಾಗಲಿಲ್ಲ, ನನ್ನ ಕಸುಬೇ ಅದು.

ಭಾವ ಇಡೀ ಸಾಲಿಗೆ ಕೇಳುವ ಹಾಗೆ, "ಇವ್ನ ಬಾಯಿಗೆ ಹೆದರ್ಕೊಂಡೇ ಆ ಯಮ್ಮ ಓಡೋಗಿದ್ದು. ಒಂದ್ ಹೆಣ್ಣನ್ನ ಇಟ್ಕೊಳ್ಳಾಕೆ ಆಗ್ನಿಲ್ಲ, ಉಪ್ಪು ನೋಡಾಕ್ ಬತ್ತಾನೆ," ಎಂದರು. ಗಾರೆಯವರು ನಕ್ಕರು. ನನ್ನ ಹೆಂಡತಿ ಹೋಗಿ ಆಗಿನ್ನೂ ಮೂರು ತಿಂಗಳು.

ನಾನು ಎದ್ದೆ. ಎಲೆಯಲ್ಲಿ ಅರ್ಧ ಮುದ್ದೆ ಇತ್ತು, ಸಾರು ಹರಿದು ಅಂಚಿಗೆ ಬರುತ್ತಿತ್ತು. ಅಕ್ಕ ಸೌಟು ಹಿಡಿದು ಎದುರಿಗೇ ನಿಂತಿದ್ದಳು. "ಎಲೆ ಮುಂದಿಂದ ಏಳ್ಬೇಡ ಕಣ್ಲಾ," ಎಂದಳು, ಮೆಲ್ಲಗೆ, ನನಗೊಬ್ಬನಿಗೇ ಕೇಳುವ ಹಾಗೆ. ಉಣ್ಣುವ ಎಲೆ ಬಿಟ್ಟು ಏಳುವುದು ಎಂದರೆ ಬಡಿಸಿದವರ ಮುಖಕ್ಕೆ ಎಂಜಲು ಕೈ ತೋರಿಸಿದ ಹಾಗೆ. ಗೊತ್ತಿದ್ದೇ ಎದ್ದೆ. ನಾನು ಕೈ ತೊಳೆದು ಚಪ್ಪಲಿ ಹಾಕಿಕೊಳ್ಳುವಾಗ ಅಕ್ಕ ಬಾಗಿಲಿಗೆ ಬಂದು, "ಎಲೆ ಬಿಟ್ಟು ಎದ್ದೋದೋನು ಇನ್ನು ಈ ಹೊಸ್ಲು ತುಳಿಯಾದ್ ಬೇಡ," ಎಂದಳು. ಆಗ ಅವಳ ದನಿ ಮೆಲ್ಲಗಿರಲಿಲ್ಲ.

ನಾಲ್ಕು ವರ್ಷ ತುಳಿಯಲಿಲ್ಲ. ಹೊಸೂರಿನಿಂದ ರಾಯಕೋಟೆಗೆ ಎಷ್ಟು ದೂರ? ಕೆಲಮಂಗಲದ ಮೇಲೆ ಹೋಗುವ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ. ಅವಳೇ ಮೊದಲು ಕರೆಯಲಿ ಎಂದು ನಾನು, ಅವನೇ ಬಂದು ಕೇಳಲಿ ಎಂದು ಅವಳು. ಹಬ್ಬಗಳು ಬಂದು ಹೋದವು. ಹಬ್ಬದ ದಿನ ಕಾರ್ಖಾನೆಯಲ್ಲಿ ಬೇರೆಯವರ ಶಿಫ್ಟನ್ನೂ ಕೇಳಿ ತೆಗೆದುಕೊಂಡು ಕೆಲಸ ಮಾಡುತ್ತಿದ್ದೆ. ಎಲ್ಲರೂ ನನ್ನನ್ನು ಒಳ್ಳೆಯವನು ಎಂದುಕೊಂಡಿದ್ದರು.

ನಾನು ವೀಡಿಯೊದಲ್ಲಿ ಎಷ್ಟು ಅಡುಗೆ ಕಲಿತರೂ ಕೈಗೆ ಹತ್ತದೇ ಇದ್ದದ್ದು ಆ ಹಿತಕಿದ ಬೇಳೆ ಸಾರು. ನಮ್ಮ ಕಡೆ ಅವರೆಕಾಯಿಗೆ ರುಚಿ ಅನ್ನುವುದಿಲ್ಲ, ಸೊಗಡು ಅನ್ನುತ್ತಾರೆ. ಚಳಿಗಾಲದ ಇಬ್ಬನಿಗೆ ಕಾಯಿಯ ಸಿಪ್ಪೆಯಲ್ಲಿ ಎಣ್ಣೆಯ ಹಾಗೆ ಅಂಟಂಟಾಗಿ ಬರುವ ಒಂದು ಘಾಟು. ಬಿಡಿಸಿದವರ ಕೈಯಲ್ಲಿ ಎರಡು ದಿನ ಉಳಿಯುತ್ತದೆ. ಕಾಲ ಮುಗಿದರೆ ಮುಗಿಯಿತು, ಮತ್ತೆ ಒಂದು ವರ್ಷ ಕಾಯಬೇಕು. "ಈ ವಾಸ್ನೇನ ಡಬ್ಬಕ್ ತುಂಬಿಟ್ಕಂಡು ಯುಗಾದಿಗೂ ಉಣ್ಣಂಗಿದ್ದಿದ್ರೆ," ಎಂದು ಅಕ್ಕ ಪ್ರತಿ ವರ್ಷ ಹೇಳುತ್ತಿದ್ದಳು. ಆ ಮಾತು ಟ್ರಯಲ್ ರೂಮಿನಲ್ಲಿ ನಿಂತಿದ್ದಾಗ ನೆನಪಾಯಿತು. ಸಾಧಾರಣ ಪಾಲಿಥೀನ್ ಕವರಿನಲ್ಲಿ ವಾಸನೆ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದ ಸಂದಿಗಳಿಂದ ಸೋರಿಹೋಗುತ್ತದೆ. ನಡುವೆ ಒಂದು ನೈಲಾನ್ ಪದರ ಇದ್ದರೆ ನಿಲ್ಲುತ್ತದೆ. ಅಂಥ ಫಿಲ್ಮನ್ನು ನಾನು ದಿನಾ ಮುಟ್ಟುತ್ತಿದ್ದೆ. ಸೊಗಡನ್ನು ಸೀಲ್ ಮಾಡಿ ಅಕ್ಕನಿಗೆ ಕೊಡಬೇಕು ಎಂದು ಮನಸ್ಸಿಗೆ ಬಂತು. ಹೇಗೆ ಕೊಡುವುದು ಎಂಬುದಕ್ಕೆ ಮಾತ್ರ ದಾರಿ ಕಾಣಲಿಲ್ಲ.

ಶಿಫ್ಟ್ ಇಂಜಿನಿಯರನ್ನು ಕೇಳಿದೆ. ಶನಿವಾರ ಮಧ್ಯಾಹ್ನ ಮೆಷಿನ್ ಖಾಲಿ ಇರುವಾಗ ಉಪಯೋಗಿಸಿಕೋ, ಸ್ಕ್ರಾಪಿಗೆ ಹೋಗುವ ಪೌಚು ತೆಗೆದುಕೋ ಎಂದರು. ಮೊದಲು ಮಾಡಿದ ಸಾರನ್ನೇ ಸೀಲ್ ಮಾಡಲು ಹೋದೆ. ಸಾರು ಇನ್ನೂ ಬಿಸಿ ಇತ್ತು. ಗಾಳಿ ಕಡಿಮೆಯಾದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ ಎಂದು ನಾನೇ ಟ್ರೈನಿಂಗಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೆನೋ! ಪಂಪು ಎಳೆಯುತ್ತಿದ್ದಂತೆ ಪೌಚಿನಲ್ಲಿದ್ದ ಸಾರು ಒಲೆ ಇಲ್ಲದೆಯೇ ಕೊತಕೊತ ಕುದಿದು, ಉಕ್ಕಿ, ಗಾಜಿನ ಮುಚ್ಚಳಕ್ಕೆಲ್ಲ ರಾಚಿತು. ಒಂದು ವಾರ ಟ್ರಯಲ್ ರೂಮು ಲವಂಗ, ಬೆಳ್ಳುಳ್ಳಿ ನಾತ ಹೊಡೆಯಿತು. ಇಂಜಿನಿಯರು ಒಳಗೆ ಬಂದಾಗಲೆಲ್ಲ ಮೂಗೆಳೆದು, "ಮುದ್ದೆ ಎಂಗೇ?" ಎಂದು, ಮುದ್ದೆ ಎಲ್ಲಿ ಎಂದು, ತಮಿಳಿನಲ್ಲಿ ಕಿಚಾಯಿಸುತ್ತಿದ್ದರು.

ಸಾರು ಬೇಡ, ಹಿತಕಿದ ಬೇಳೆಯನ್ನೇ ಸೀಲ್ ಮಾಡೋಣ ಎಂದುಕೊಂಡೆ. ಕಾಳನ್ನು ನೀರಿನಲ್ಲಿ ನೆನೆಹಾಕಿ, ಒಂದೊಂದನ್ನೇ ಎರಡು ಬೆರಳಲ್ಲಿ ಹಿತಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಹೇಳಿದಷ್ಟು ಸುಲಭವಲ್ಲ. ಎರಡು ಸೇರು ಕಾಳು ಮುಗಿಸುವಷ್ಟರಲ್ಲಿ ಹೆಬ್ಬೆರಳು ಸುಕ್ಕುಗಟ್ಟಿ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಇದನ್ನು ಯಾರ ಮನೆಯಲ್ಲೂ ಒಬ್ಬರೇ ಮಾಡುವುದಿಲ್ಲ. ನಡುವೆ ಬೋಗುಣಿ ಇಟ್ಟು ಮನೆಯವರು, ಪಕ್ಕದ ಮನೆಯವರು ಸುತ್ತ ಕೂರುತ್ತಾರೆ. ಬೇಳೆ ಹಾರಿ ಯಾರದೋ ಕಣ್ಣಿಗೆ ಹೊಡೆಯುತ್ತದೆ, ಊರ ಸುದ್ದಿಯೆಲ್ಲ ಆ ಹೊತ್ತಿನಲ್ಲೇ ಬರುತ್ತದೆ. ನಾನು ಒಬ್ಬನೇ ಬೋಗುಣಿಯ ಮುಂದೆ ಕೂತು, ಬೆಲ್ಲದ ಅಚ್ಚಿಗೆ ಒರಗಿದ ಮೊಬೈಲಿಗೆ ಕೈ ತೋರಿಸಿಕೊಂಡು, ಮೂರೂವರೆ ಗಂಟೆ ಹಿತಕಿದೆ. ವೀಡಿಯೊದಲ್ಲಿ ಹಾಕಿದ್ದು ಎರಡು ನಿಮಿಷ. ಆ ದಿನ ನನಗೆ ಅಳು ಬಂತು. ಅವರೆಕಾಳಿನ ಮುಂದೆ ಕೂತು ಅಳುವ ಗಂಡಸು ಎಂದು ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಕಾರ್ಖಾನೆಯಲ್ಲಿ ಅದನ್ನು ಸೀಲ್ ಮಾಡಿದ್ದನ್ನೂ ಚಿತ್ರ ತೆಗೆದು ಸೇರಿಸಿದೆ. ಚಪ್ಪಟೆಯಾಗಿ ಬೇಳೆಯನ್ನು ಅಪ್ಪಿಕೊಂಡ ಪೌಚನ್ನು ಕ್ಯಾಮೆರಾ ಮುಂದೆ ತಿರುಗಿಸಿ ತಿರುಗಿಸಿ ತೋರಿಸಿ, "ಇದನ್ನು ನಮ್ಮ ಅಕ್ಕನಿಗೋಸ್ಕರ ಮಾಡಿದ್ದು," ಎಂದು ಕೊನೆಯಲ್ಲಿ ಹೇಳಿದೆ. ಹಾಗೆ ಹೇಳಬೇಕು ಎಂದುಕೊಂಡಿರಲಿಲ್ಲ, ಬಾಯಿಗೆ ಬಂತು.

ಮುಂದಿನ ಭಾನುವಾರ ಬ್ರೌಸಿಂಗ್ ಸೆಂಟರಿಗೆ ಹೋದರೆ ಆ ವೀಡಿಯೊದ ಕೆಳಗೆ ಒಂದು ಕಾಮೆಂಟು ಇತ್ತು. ನನ್ನ ವೀಡಿಯೊಗಳಿಗೆ ಬಂದ ಮೊದಲನೇ ಕಾಮೆಂಟು. ಬರೆದವರ ಹೆಸರಿನ ಜಾಗದಲ್ಲಿ ರಾಯಕೋಟೆ ಎಂಬ ಊರ ಹೆಸರು, ಅದರ ಪಕ್ಕ ಯಾವುದೋ ಅಂಕಿಗಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ತಮಿಳು, ಎರಡೇ ಪದ: "ಉಳ್ಳೆ ಕಾತ್ತಿರುಕ್ಕು."

ನಾನು ತಮಿಳು ಓದಿ ಕಲಿತವನಲ್ಲ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಪಕ್ಕದ ರೂಮಿನ ರೇಡಿಯೊದಲ್ಲಿ ಕೇಳಿ ಕಲಿತದ್ದು. ರೇಡಿಯೊದ ಹಾಡುಗಳಲ್ಲಿ ಗಂಡೂ ಹೆಣ್ಣೂ ಮಾತೆತ್ತಿದರೆ ಕಾತ್ತಿರುಕ್ಕೇನ್ ಎನ್ನುತ್ತಿರುತ್ತಾರೆ. ಕಾಯುತ್ತಿದ್ದೇನೆ ಎಂದು. ಉಳ್ಳೆ ಎಂದರೆ ಒಳಗೆ. ಒಳಗೆ ಕಾಯುತ್ತಾ ಇದೆ. ಮನಸ್ಸು ಒಳಗೊಳಗೇ ಕಾಯುತ್ತಿದೆ ಎಂದು ನಾನು ಓದಿಕೊಂಡೆ. ರಾಯಕೋಟೆಯಲ್ಲಿ ನನಗಾಗಿ ಕಾಯುವವರು ಇನ್ಯಾರು? ಅಕ್ಕನ ಮಗಳು ಆಗ ದೊಡ್ಡ ಕ್ಲಾಸಿಗೆ ಬಂದಿದ್ದಳು, ತಮಿಳು ಮೀಡಿಯಂ, ಶಾಲೆಯಲ್ಲಿ ಕಂಪ್ಯೂಟರ್ ಇದ್ದೇ ಇರುತ್ತದೆ. ಅವಳು ವೀಡಿಯೊ ನೋಡಿ, ಕೈ ಗುರುತು ಹಿಡಿದು, ಅಮ್ಮನಿಗೆ ತೋರಿಸಿದ್ದಾಳೆ. ಅಕ್ಕ ಬಾಯಿಬಿಟ್ಟು ಕರೆಯುವವಳಲ್ಲ, ಮಗಳ ಕೈಯಲ್ಲಿ ಇಷ್ಟು ಬರೆಸಿದ್ದಾಳೆ. ಎಲ್ಲ ಸರಿಯಾಗಿ ಕೂತಿತು. ಗಟ್ಟಿಯಾಗಿ ಉಸಿರು ಬಿಟ್ಟಿರಬೇಕು, ಹೊಲಿಗೆ ಮೆಷಿನ್ ನಿಂತಿತು. "ಏನಾಯ್ತು ಸಾರ್?" ಎಂದು ಆ ಹೆಂಗಸು ಕೇಳಿದರು. "ಅಕ್ಕ ಬಾ ಅಂದಿದಾಳೆ," ಎಂದೆ.

ಆ ವಾರ ಹೇಗೆ ಕಳೆಯಿತೋ ಗೊತ್ತಿಲ್ಲ. ವೀಡಿಯೊದ ಪೌಚಿನಲ್ಲಿದ್ದುದನ್ನು ಆ ದಿನವೇ ಸಾರು ಮಾಡಿ ಉಂಡಿದ್ದೆ. ಶನಿವಾರ ಹೊಸದಾಗಿ ಹಿತಕಿದ ಬೇಳೆಯನ್ನು ನಾಲ್ಕು ಪೌಚಿನಲ್ಲಿ ಸೀಲ್ ಮಾಡಿದೆ. ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಪೌಚುಗಳನ್ನು ಚೀಲದಲ್ಲಿಟ್ಟು ಬಸ್ಸು ಹತ್ತಿದೆ. ಸೀಟು ಸಿಕ್ಕಿದ್ದು ಇಂಜಿನ್ ಪಕ್ಕ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ, ಇಂಜಿನ್ನಿನ ಬಿಸಿ ಕಾಲಿಗೆಲ್ಲ ಹೊಡೆಯುತ್ತಿತ್ತು. ಅಕ್ಕನನ್ನು ಕಂಡ ಕೂಡಲೇ ಏನು ಹೇಳಬೇಕು ಎಂದು ಕೆಲಮಂಗಲ ದಾಟುವವರೆಗೂ ಉರು ಹೊಡೆದೆ.

ಭಾವ ಜಗಲಿಯ ಮೇಲೆ ತಮಿಳು ಪೇಪರ್ ಹಿಡಿದು ಕೂತಿದ್ದರು. ಕೂದಲು ನೆರೆತಿತ್ತು. ನನ್ನನ್ನು ನೋಡಿ ಪೇಪರನ್ನು ನಾಲ್ಕಾಗಿ ಮಡಚಿ, ಒಳಗೆ ತಿರುಗಿ, "ಏಯ್, ನಿನ್ ತಮ್ಮ ಬಂದವ್ನೆ," ಎಂದರು. ಅಕ್ಕ ಹೊರಗೆ ಬಂದಳು. ಕೈ ಒದ್ದೆ, ಬೆರಳುಗಳಿಗೆ ಅವರೆಕಾಳಿನ ಸಿಪ್ಪೆ ಅಂಟಿತ್ತು. ಅವಳೂ ಹಿತಕುತ್ತಾ ಕೂತಿದ್ದಳು. ನಾನು ಹೊಸಿಲಿನ ಈಚೆ ನಿಂತೇ ಇದ್ದೆ. ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಯಾಕ್ ಬಂದೆ?"

ಉರು ಹೊಡೆದದ್ದೆಲ್ಲ ಹೋಯಿತು. "ನೀನೇ ಅಲ್ವಾ ಅಕ್ಕ, ಕಾಯ್ತಾ ಇವ್ನಿ ಅಂತ ಬರ್ಸಿದ್ದು?"

"ನಾನ್ಯಾಕ್ಲಾ ಕಾಯ್ಲಿ?" ಎಂದಳು. ನಿಜವಾಗಿಯೂ ಆಶ್ಚರ್ಯಪಟ್ಟೇ ಕೇಳಿದಳು, ಅದಕ್ಕೇ ನನಗೆ ಹೆಚ್ಚು ನೋವಾಯಿತು. "ಯಾರ್ ಹೇಳಿದ್ರು ನಿಂಗೆ?"

"ಕಂಪ್ಯೂಟ್ರಲ್ಲಿ... ನಿನ್ ಮಗ್ಳು..."

"ಅವ್ಳು ಕೃಷ್ಣಗಿರಿ ಹಾಸ್ಟೆಲ್ನಾಗವ್ಳೆ. ಸ್ಕೂಲ್ನಾಗೆ ಕಂಪ್ಯೂಟ್ರುನ ಮುಟ್ಟಾಕೇ ಬಿಡಾಕಿಲ್ವಂತೆ, ಕವರ್ ಹಾಕಿ ಮಡಗವ್ರಂತೆ." ಆಮೇಲೆ ನೀರಿನ ತೊಟ್ಟಿಯ ಕಡೆ ಕೈ ತೋರಿಸಿ, "ಬಿಸ್ಲಾಗ್ ನಿಂತ್ಕಬೇಡ. ಕಾಲ್ ತೊಳ್ಕಂಡ್ ಬಾ," ಎಂದಳು.

ಒಳಗೆ ನಡುಮನೆಯಲ್ಲಿ ದೊಡ್ಡ ಬೋಗುಣಿಯ ಮುಂದೆ ಪಕ್ಕದ ಮನೆಯ ತಮಿಳು ಹೆಂಗಸು ಕೂತು ಹಿತಕುತ್ತಿದ್ದರು. ನಾನು ಚೀಲದಿಂದ ಪೌಚು ತೆಗೆದೆ, ತೆಗೆಯುವಾಗಲೇ ಕೈಗೆ ಗೊತ್ತಾಯಿತು. ಚಪ್ಪಟೆ ಇರಬೇಕಾದ ನಾಲ್ಕೂ ಪೌಚುಗಳು ತಲೆದಿಂಬಿನ ಹಾಗೆ ಉಬ್ಬಿಕೊಂಡಿದ್ದವು. ಮರಳು ಉಸಿರಾಡುವುದಿಲ್ಲ, ಕಾಳು ಉಸಿರಾಡುತ್ತದೆ. ಗಾಳಿ ತೆಗೆದ ಮಾತ್ರಕ್ಕೆ ಎಲ್ಲ ಕ್ರಿಮಿಗಳೂ ಸಾಯುವುದಿಲ್ಲ, ಗಾಳಿ ಇಲ್ಲದ ಕಡೆಯೇ ಚೆನ್ನಾಗಿ ಬೆಳೆಯುವವೂ ಇವೆ. ಒದ್ದೆ ಬೇಳೆ, ಫ್ರಿಜ್ಜಿಲ್ಲದ ರೂಮು, ಇಂಜಿನ್ನಿನ ಬಿಸಿ. ತಣ್ಣಗಿಡದೆ ಸೀಲ್ ಮಾಡಿದರೆ ಬೇಳೆ ಒಳಗೇ ಹುಳಿತು ಗ್ಯಾಸು ಬಿಡುತ್ತದೆ ಎಂಬುದು ಕ್ವಾಲಿಟಿಯವನಾದ ನನಗೆ ತಿಳಿದಿರಬೇಕಿತ್ತು.

ಅಕ್ಕ ಒಂದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಪಕ್ಕದ ಮನೆಯವರ ಕಡೆ ಹಿಡಿದು, ಅವರ ಮಾತಿನಲ್ಲೇ ಹೇಳಿದಳು: "ಪಾರು, ಉಳ್ಳೆ ಕಾತ್ತಿರುಕ್ಕು."

ನೋಡು, ಒಳಗೆ ಗಾಳಿ ಇದೆ.

ಕಾತ್ತು. ತಮಿಳಿನಲ್ಲಿ ಗಾಳಿ. ಕಾತ್ತು ಇರುಕ್ಕು ಎನ್ನುವುದನ್ನು ಯಾರೋ ಪುಣ್ಯಾತ್ಮರು ನಡುವೆ ಜಾಗ ಬಿಡದೆ ಸೇರಿಸಿ ಬರೆದಿದ್ದರು. ಕಾರ್ಖಾನೆಯಲ್ಲಿ ನಾವು ಏರ್, ಲೀಕ್ ಎಂದೇ ಹೇಳುತ್ತಿದ್ದುದರಿಂದ ಆ ಪದ ನನಗೆ ಹೊಳೆಯಲಿಲ್ಲ ಎಂದು ಸಬೂಬು ಹೇಳಬಹುದು. ನಿಜ ಅದಲ್ಲ. ಆಮೇಲೆ ಹೋಗಿ ವೀಡಿಯೊ ನೋಡಿದರೆ, ನಾನು ಹೆಮ್ಮೆಯಿಂದ ತಿರುಗಿಸಿದ ಆ ಪೌಚಿನ ಮೂಲೆಯಲ್ಲಿ, ಸೀಲಿನ ಸುಕ್ಕಿನ ಪಕ್ಕ, ಕಡಲೆಕಾಳಿನಷ್ಟು ದೊಡ್ಡ ಗುಳ್ಳೆ ಎದ್ದು ಕಾಣುತ್ತಿತ್ತು. ಬೇರೆಯವರದಾಗಿದ್ದರೆ ಬಾಗಿಲಲ್ಲಿ ನಿಂತೇ ರಿಜೆಕ್ಟ್ ಎನ್ನುತ್ತಿದ್ದೆ. ಹದಿನಾಲ್ಕು ವರ್ಷ ಗುಳ್ಳೆ ಹುಡುಕಿದವನಿಗೆ ಅದು ಕಾಣಲಿಲ್ಲ, ಕಂಡವರು ಹೇಳಿದರೂ ತಿಳಿಯಲಿಲ್ಲ, ಯಾರಾದರೂ ನನಗಾಗಿ ಕಾಯುತ್ತಿರಲಿ ಎಂದು ನನಗೆ ಅಷ್ಟು ಬೇಕಾಗಿತ್ತು. ಬರೆದವರು ಯಾರೋ ಇವತ್ತಿಗೂ ಗೊತ್ತಿಲ್ಲ.

"ಏನ್ಲಾ, ಹಿಂಗ್ ನಿಂತ್ಬುಟ್ಟೆ?" ಎಂದಳು ಅಕ್ಕ.

"ಏನಿಲ್ಲ. ಬಿಸಾಕು ಅದ್ನ, ಕೆಟ್ಟೋಗೈತೆ. ಸೊಗಡು ಯುಗಾದಿಗೂ ಇರ್ಲಿ ಅಂತ ಮಾಡ್ದೆ."

ಅಕ್ಕ ಪೌಚನ್ನು ಮತ್ತೊಮ್ಮೆ ನೋಡಿದಳು. ತನ್ನ ಮಾತನ್ನು ತಾನೇ ನೆನಪು ಮಾಡಿಕೊಂಡಳೋ ಏನೋ, ನಾನು ಕೇಳಲಿಲ್ಲ. ನಾಲ್ಕನ್ನೂ ತೆಗೆದುಕೊಂಡು ಹೋಗಿ ಹಿತ್ತಿಲಿನ ತಿಪ್ಪೆಯ ಹತ್ತಿರ ಇಟ್ಟು ಬಂದಳು. ಬಂದು ಕೂತು, ಬೋಗುಣಿಯನ್ನು ಒಂದು ಗೇಣು ನನ್ನ ಕಡೆ ತಳ್ಳಿದಳು.

"ಕೂತ್ಕ. ಹಿತುಕು."

ಕೂತೆ. ಮೂವರ ಕೈ ಒಂದೇ ಬೋಗುಣಿಯಲ್ಲಿ. ಪಕ್ಕದ ಮನೆಯವರು ಯಾರದೋ ಮದುವೆ ಮುರಿದ ಕತೆ ಹೇಳುತ್ತಿದ್ದರು. ನನ್ನ ಬೇಳೆಯೊಂದು ಹಾರಿ ಅವರ ಕಿವಿಗೆ ಬಡಿಯಿತು, ಅವರು ಬೈದರು. ಅರ್ಧ ಗಂಟೆಗೆ ಬೋಗುಣಿ ಖಾಲಿ. ಅಕ್ಕ ಮಸಾಲೆ ರುಬ್ಬುವಾಗ ಬಾಗಿಲಲ್ಲಿ ನಿಂತು ಕದ್ದು ನೋಡಿದೆ. ಕೊತ್ತಂಬರಿ, ಚಕ್ಕೆ, ಲವಂಗ, ಗಸಗಸೆ, ಕಾಯಿ, ಬೆಳ್ಳುಳ್ಳಿ, ಎಲ್ಲ ನಾನು ಹಾಕುತ್ತಿದ್ದದ್ದೇ, ಅಷ್ಟಷ್ಟೇ. ಕಲಿಯಲು ಅಲ್ಲಿ ಬೇರೇನೂ ಇರಲಿಲ್ಲ.

ಊಟದ ಹೊತ್ತಿಗೆ ಅಕ್ಕ ಹಿತ್ತಿಲಿಗೆ ಹೋಗಿ ಒಂದು ಬಾಳೆ ಎಲೆ ಕೊಯ್ದು ತಂದಳು. ಮನೆಯಲ್ಲಿ ತಟ್ಟೆಗಳಿದ್ದವು. ಭಾವನಿಗೆ ತಟ್ಟೆಯನ್ನೇ ಇಟ್ಟಳು. ಎಲೆ ನನ್ನೊಬ್ಬನಿಗೆ. ನೀರು ಚಿಮುಕಿಸಿ, ಒರೆಸಿ, ಮುದ್ದೆ ಇಟ್ಟು, ಸಾರು ಬಿಟ್ಟು, ಸೌಟು ಹಿಡಿದು ಎದುರಿಗೇ ನಿಂತಳು. ಅವತ್ತು ಎಲ್ಲಿ ನಿಂತಿದ್ದಳೋ ಅಲ್ಲೇ. ಆಗ ನನಗೆ ಗೊತ್ತಾಯಿತು, ನಾಲ್ಕು ವರ್ಷದ ಹಿಂದಿನ ಎಲೆಯನ್ನೇ ಅವಳು ಮತ್ತೆ ಹಾಕಿದ್ದಾಳೆ ಎಂದು.

ನಾಲ್ಕು ತುತ್ತು ಇಳಿದಿರಬಹುದು. ಭಾವ ತಟ್ಟೆಯಿಂದ ತಲೆ ಎತ್ತಿ, "ಏನಪ್ಪಾ, ಈಗ ನೀನೇ ಅಡ್ಗೆ ಮಾಡ್ಕಂತೀಯಂತೆ? ಹಂಗಾರೆ ಗಂಡಾನೂ ನೀನೇ, ಹೆಂಡ್ತೀನೂ ನೀನೇ ಅನ್ನು," ಎಂದು ನಕ್ಕರು. ಪಕ್ಕದ ಮನೆಯವರು ನಗಲೋ ಬೇಡವೋ ಎಂದು ಸೆರಗು ಬಾಯಿಗೆ ಹಿಡಿದರು.

ಅದೇ ಮನುಷ್ಯ, ಅದೇ ಬಾಯಿ. ಎಡಗೈ ನೆಲಕ್ಕೆ ಊರಿತ್ತು, ಏಳಲು ಅಷ್ಟೇ ಸಾಕು. ಅಕ್ಕನ ಸೌಟಿನಿಂದ ಒಂದು ತೊಟ್ಟು ಸಾರು ನೆಲಕ್ಕೆ ಬಿತ್ತು. ಈ ಸಲ ಅವಳು ಏಳಬೇಡ ಎನ್ನಲಿಲ್ಲ. ನಾನು ಎದ್ದು ಹೋದರೆ ಇನ್ನು ಮುಂದೆ ತಪ್ಪು ಓದಿಕೊಂಡು ಬರುವುದಕ್ಕೂ ಯಾವ ಕಾಮೆಂಟೂ ಇರುವುದಿಲ್ಲ ಎಂದು ಅನಿಸಿತು.

ಮುದ್ದೆ ಮುರಿದೆ. ಸಾರಿನಲ್ಲಿ ಹೊರಳಿಸಿದೆ. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ಹಾಗೇ ನುಂಗಬೇಕು. ನುಂಗಿದೆ. "ಹ್ಞೂಂ ಭಾವ, ಎಲ್ಡೂ ನಾನೇ," ಎಂದೆ. ಗಂಟಲು ಎರಡು ಸಲ ಕೆಮ್ಮಿತು. ಭಾವ ಒಂದು ಕ್ಷಣ ನನ್ನನ್ನೇ ನೋಡಿ, ಉಪ್ಪಿನಕಾಯಿಯ ಜಾಡಿಯನ್ನು ನನ್ನ ಕಡೆ ಸರಿಸಿ, ಮತ್ತೆ ತಟ್ಟೆಗೆ ಕೈ ಹಾಕಿದರು.

ಸಾರಿಗೆ ಸ್ವಲ್ಪ ಉಪ್ಪು ಕಡಿಮೆ ಇತ್ತು. ನಾನು ಹೇಳಲಿಲ್ಲ. ಎರಡನೇ ಮುದ್ದೆ ಹಾಕಿಸಿಕೊಂಡೆ, ಅನ್ನ ಹಾಕಿಸಿಕೊಂಡೆ, ಮಜ್ಜಿಗೆ ಹಾಕಿಸಿಕೊಂಡೆ. ಎಲೆಯ ಮೂಲೆಯಲ್ಲಿ ಉಳಿದ ಬೇಳೆಯನ್ನೂ ಬೆರಳಲ್ಲಿ ಒತ್ತಿ ತೆಗೆದೆ. ಭಾವ ಎದ್ದು ಹೋಗಿ ಎಷ್ಟೋ ಹೊತ್ತಾಗಿತ್ತು. ಅಕ್ಕ ಅಷ್ಟು ಹೊತ್ತೂ ಕೂರಲಿಲ್ಲ, ಸೌಟು ಕೆಳಗಿಡಲಿಲ್ಲ. ಎಲೆಯಲ್ಲಿ ಏನೂ ಉಳಿದಿಲ್ಲ ಎಂದು ನೋಡಿಕೊಂಡು ಅದನ್ನು ನನ್ನ ಕಡೆಗೆ ಮಡಚಿದೆ. ಆದರೂ ಏಳಲಿಲ್ಲ. ಕೈ ಒಣಗುತ್ತಿತ್ತು, ನಾನು ಕೂತೇ ಇದ್ದೆ.

ಅವಳು ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ಈಗ ಏಳ್ಲಾ," ಎಂದಳು.